ಚುಕ್ಕಿ ಬಳೆಗಳ ಪುಟ

ಅಪ್ಪನ ತಲೆ ಕೆಟ್ಟಿದೆ ಎಂದು ನನಗೆ ಮೊದಲು ಹೇಳಿದ್ದು ಡಾಕ್ಟರಲ್ಲ, ನಮ್ಮ ಶಾಲೆಯ ಹಳೆಯ ಲ್ಯಾಪ್‌ಟಾಪು. ಹೀಗೆ ಬರೆದರೆ ನಗು ಬರಬೇಕು, ನನಗೆ ಇನ್ನೂ ಬರುವುದಿಲ್ಲ. ಹೋದ ವರ್ಷದ ಆ ಎರಡು ದಿನಗಳಲ್ಲಿ ಹೆದರಿದಷ್ಟು ನಾನು ಅದಕ್ಕೆ ಮುಂಚೆ ಯಾವತ್ತೂ ಹೆದರಿರಲಿಲ್ಲ. ಹೆದರಿದಾಗ ನಾನು ಸುಮ್ಮನೆ ಕೂರುವ ಪೈಕಿಯಲ್ಲ, ಸಿಕ್ಕವರ ಮೇಲೆ ಹರಿಹಾಯುವ ಪೈಕಿ. ಸಿಸ್ಟರುಗಳನ್ನು ಬೈದೆ, ಅವ್ವನನ್ನು ಬೈದೆ, ಮಷಿನನ್ನು ಬೈದೆ. ಬೈಸಿಕೊಳ್ಳಬೇಕಾದವಳು ನಾನೇ ಎಂದು ಗೊತ್ತಾಗುವ ಹೊತ್ತಿಗೆ ಅಪ್ಪನ ಎರಡೂ ಕೈಗಳನ್ನು ಮಂಚಕ್ಕೆ ಕಟ್ಟಿಯಾಗಿತ್ತು.

ಅಪ್ಪ ಶಹಾಬಾದದಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರು. ಕೆಳಗೆ ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಷ್ ಮಾಡುವ ಅಂಗಡಿ, ಮಾಳಿಗೆಯ ಮೇಲೆ ಅಪ್ಪನ ಹತ್ತು ಟೈಪ್‌ರೈಟರು. ಕಲ್ಲಿನ ಧೂಳು ಕೂರದಂತೆ ಪ್ರತಿ ಮಷಿನಿಗೂ ಅವ್ವ ಹೊಲಿದ ಗವಸು. ಸೇಡಂ, ಚಿತ್ತಾಪುರ, ಚಿಂಚೋಳಿಯ ಕಚೇರಿಗಳಲ್ಲಿ ಕನ್ನಡ ಟೈಪ್ ಮಾಡುತ್ತಿದ್ದವರಲ್ಲಿ ಬಹಳ ಮಂದಿ ಆ ಮಾಳಿಗೆ ಹತ್ತಿ ಇಳಿದವರೇ. ಹೊಸಬರು ಬಂದರೆ ಅಪ್ಪ ಅವರ ಕೈಗಳ ಮೇಲೆ ಒಂದು ಟವೆಲ್ ಹೊದಿಸುತ್ತಿದ್ದರು. ಕಣ್ಣು ಕೀಗಳ ಮೇಲೂ ಇರಬಾರದು, ಅಕ್ಷರ ಮೂಡುವ ಕಾಗದದ ಮೇಲೂ ಇರಬಾರದು, ಪಕ್ಕದಲ್ಲಿಟ್ಟ ಪ್ರತಿಯ ಮೇಲೆ ಮಾತ್ರ ಇರಬೇಕು. ಕದ್ದು ನೋಡಿದವರಿಗೆ ಸ್ಕೇಲಿನ ಏಟು. ಕಂಪ್ಯೂಟರು ಬಂದು ಮಾಳಿಗೆ ಖಾಲಿಯಾದಾಗ ಅವರಿಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚು ಬಂತು. "ಅದ್ಯಾನ್ ಟೈಪಿಂಗು, ತಪ್ಪಾದ್ರ ಅಳಿಸ್ಲಿಕ್ಕಿ ಬರ್ತದ," ಎನ್ನುತ್ತಿದ್ದರು. ನಾನು ಅವರ ಒಬ್ಬಳೇ ಮಗಳು. ಇಡೀ ಶಹಾಬಾದದಲ್ಲಿ ಅವರ ಮಾತಿಗೆ ಒಪ್ಪದೆ ಟೈಪಿಂಗ್ ಕಲಿಯದೆ ಉಳಿದ ಒಬ್ಬಳೇ ಹುಡುಗಿಯೂ ನಾನೇ ಇರಬೇಕು. ಈಗ ಸೇಡಂನಲ್ಲಿ ಪ್ರೈಮರಿ ಶಾಲೆಯ ಟೀಚರು.

ಹೋದ ವರ್ಷ ಅಪ್ಪನ ಗಂಟಲಿನಲ್ಲಿ ಗಡ್ಡೆ ಬಂತು. ಕಲಬುರಗಿಯ ದೊಡ್ಡ ದವಾಖಾನೆಯಲ್ಲಿ ಆಪರೇಷನ್ ಆಯಿತು. ಕತ್ತಿನಲ್ಲಿ ಉಸಿರಾಟಕ್ಕೊಂದು ನಳಿಗೆ, ಮೂಗಿನಲ್ಲಿ ಊಟಕ್ಕೊಂದು ನಳಿಗೆ. ಕತ್ತಿನ ನಳಿಗೆ ಇರುವ ತನಕ ಮಾತಿಲ್ಲ. ಎಂಟು ದಿನದ ಮೇಲೆ, ಇನ್ನು ಊರಲ್ಲೇ ಡ್ರೆಸ್ಸಿಂಗ್ ಮಾಡಿಸಿಕೊಳ್ಳಿ ಎಂದು ಕಳಿಸಿಕೊಟ್ಟರು. ಶಹಾಬಾದದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಸೇರಿಸಿದೆವು. ನಮ್ಮ ಮನೆ ಅಲ್ಲಿಂದ ಎರಡೇ ಓಣಿಯಾಚೆ. ಅವ್ವ ಮನೆಯಲ್ಲಿ ಗಂಜಿ ಕಾಸಿ, ತೆಳುವಾಗಿ ಸೋಸಿ, ಫ್ಲಾಸ್ಕಿನಲ್ಲಿ ತಂದು, ಸಿಸ್ಟರು ತೋರಿಸಿಕೊಟ್ಟ ಹಾಗೆ ದೊಡ್ಡ ಸಿರಿಂಜಿನಿಂದ ನಳಿಗೆಗೆ ಬಿಡುತ್ತಿದ್ದಳು. ನಾನು ಶಾಲೆಗೆ ರಜೆ ಹಾಕಿ ಬಂದೆ.

ಆಪರೇಷನ್ ಆದ ಮೊದಲ ಎರಡು ದಿನ ಅಪ್ಪ ನಿಜಕ್ಕೂ ಗೊಂದಲದಲ್ಲಿದ್ದರು. ನನ್ನನ್ನು ಯಾರೋ ಎಂಬಂತೆ ನೋಡಿದ್ದರು. ವಯಸ್ಸಾದವರಿಗೆ ಮತ್ತಿನ ಔಷಧದಿಂದ ಹೀಗಾಗುತ್ತದೆ, ಇಳಿಯುತ್ತದೆ ಎಂದು ಅಲ್ಲಿನ ಡಾಕ್ಟರು ಹೇಳಿದ್ದರು. ಇಳಿಯದಿದ್ದರೆ ಮಾತ್ರ ತಲೆಯೊಳಗೆ ಏನಾದರೂ ಆಗಿರಬಹುದು, ನೋಡಿಕೊಳ್ಳಿ ಎಂದೂ ಹೇಳಿದ್ದರು. ಆ ಎರಡನೆಯ ಮಾತು ಮುಳ್ಳಿನಂತೆ ನನ್ನೊಳಗೆ ಉಳಿದಿತ್ತು. ನರ್ಸಿಂಗ್ ಹೋಮಿಗೆ ಬಂದ ಮೇಲೂ ಯಾರಾದರೂ "ಇದ್ಯಾನು? ಇವ್ರು ಯಾರು?" ಎಂದು ಕೇಳಿದರೆ ಅಪ್ಪ ಮುಖವನ್ನು ಗೋಡೆಯ ಕಡೆ ತಿರುಗಿಸಿಬಿಡುತ್ತಿದ್ದರು. ಕಾಗದ, ಪೆನ್ನು ಕೊಟ್ಟರೆ ಬರೆಯಲಾಗುತ್ತಿರಲಿಲ್ಲ. ಪೆನ್ನು ಹಿಡಿದರೆ ಕೈ ನಡುಗುವ ತೊಂದರೆ ಅವರಿಗೆ ಹತ್ತು ವರ್ಷದಿಂದ ಇದೆ. ಬ್ಯಾಂಕಿನವರು ಸಹಿಯ ಬದಲು ಹೆಬ್ಬೆಟ್ಟು ತೆಗೆದುಕೊಳ್ಳುತ್ತಿದ್ದರು, ಅದು ಅವರಿಗೆ ದೊಡ್ಡ ಅವಮಾನ. ಆದರೆ ಕೀಗಳ ಮೇಲೆ ಇಟ್ಟರೆ ಅದೇ ಬೆರಳುಗಳು ನಡುಗುತ್ತಿರಲಿಲ್ಲ. ಅದು ನೆನಪಾದಾಗ ನನಗೆ ನನ್ನ ಬುದ್ಧಿಯ ಮೇಲೆ ಭಾರೀ ಹೆಮ್ಮೆಯಾಯಿತು. ಸೇಡಂನಿಂದ ಶಾಲೆಯ ಲ್ಯಾಪ್‌ಟಾಪು ತಂದೆ.

ಅದರಲ್ಲಿ ಬರೆಯಲು ಇದ್ದದ್ದು ಒಂದು ಸಾದಾ ಟೆಕ್ಸ್ಟ್ ಎಡಿಟರು. ಸೆಟ್ಟಿಂಗಿಗೆ ಹೋಗಿ ಕನ್ನಡ ಕೀಬೋರ್ಡು ಸೇರಿಸಿದೆ. ಒತ್ತಿದರೆ ಅಕ್ಷರದ ಬದಲು ಖಾಲಿ ಡಬ್ಬಿಗಳು ಬಂದವು, ಸಾಲಾಗಿ, ಒಂದರ ಪಕ್ಕ ಒಂದು. ಫಾಂಟಿನಲ್ಲಿ ಕನ್ನಡ ಇಲ್ಲದಿದ್ದರೆ ಹೀಗೆ ಆಗುತ್ತದೆ ಎಂದು ಫೋನಿನಲ್ಲಿ ಓದಿ ತಿಳಿದುಕೊಂಡು, ಕನ್ನಡವಿರುವ ಫಾಂಟು ಹುಡುಕಿ ಹಾಕಿದೆ. ಡಬ್ಬಿಗಳು ಹೋಗಿ ಅಕ್ಷರ ಬಂತು. ಅಷ್ಟಕ್ಕೇ ನನಗೆ ಕುಣಿಯುವಷ್ಟು ಖುಷಿ. ಮಂಚದ ಅಡ್ಡ ಹಲಗೆಯ ಮೇಲೆ ಲ್ಯಾಪ್‌ಟಾಪು ಇಟ್ಟು, ದಿಂಬು ಏರಿಸಿ, "ಅಪ್ಪಾ, ಏನ್ ಹೇಳ್ಬೇಕೋ ಬರಿ. ಸಾಲ್ ಮುಗಿದ್ರ ಈ ದೊಡ್ಡ ಬಟನ್ ಒತ್ತು," ಎಂದೆ. ಅಪ್ಪ ಕಣ್ಣು ಮುಚ್ಚಿ ಒಂದು ಉಸಿರು ತೆಗೆದುಕೊಂಡು ಬೆರಳಿಟ್ಟರು. ಚಟಪಟನೆ ನಾಲ್ಕು ಸಾಲು ಹೊಡೆದು, ಸುಸ್ತಾಗಿ, ಕೈ ಬಿಟ್ಟರು.

ನಾನು ಓದುವ ಮೊದಲು ಉಳಿಸೋಣ ಎಂದು ಸೇವ್ ಒತ್ತಿದೆ. ಹೀಗೆ ಉಳಿಸಿದರೆ ಕೆಲವು ಅಕ್ಷರಗಳು ನಷ್ಟವಾಗುತ್ತವೆ ಎಂದೇನೋ ಒಂದು ಎಚ್ಚರಿಕೆ ಬಂತು. ಯಾವ ಎಚ್ಚರಿಕೆಯನ್ನು ನಾನು ಓದಿದ್ದೇನೆ? ಓಕೆ ಒತ್ತಿ, ಮುಚ್ಚಿ, ಅಪ್ಪನಿಗೆ ನೀರಿನ ಬಟ್ಟೆಯಿಂದ ತುಟಿ ಒರೆಸಿ, ಮತ್ತೆ ತೆರೆದೆ. ಪರದೆಯ ತುಂಬ ಪ್ರಶ್ನಾರ್ಥಕ ಚಿಹ್ನೆ. ಒಂದೇ ಒಂದು ಅಕ್ಷರವಿಲ್ಲ. ಎಷ್ಟು ಹಿಂದಕ್ಕೆ ಹೋದರೂ ಅವೇ ಕೊಕ್ಕೆಗಳು. ಯೂನಿಕೋಡ್ ರೂಪದಲ್ಲಿ ಉಳಿಸದೆ ಹಳೆಯ ರೂಪದಲ್ಲಿ ಉಳಿಸಿದರೆ ಕನ್ನಡ ಅಕ್ಷರಕ್ಕೆ ಅಲ್ಲಿ ಜಾಗವಿಲ್ಲ, ಹೋದದ್ದು ಹೋದದ್ದೇ. ಹನ್ನೆರಡು ದಿನದ ಮೇಲೆ ಅಪ್ಪ ಆಡಿದ ಮೊದಲ ಮಾತನ್ನು ನಾನು ಓದದೆಯೇ ಅಳಿಸಿಹಾಕಿದ್ದೆ. ಅದೇ ಅವರ ಕೊನೆಯ ಮಾತೂ ಆಗಿದ್ದರೆ ಎಂಬ ಯೋಚನೆ ಬಂದು ಹೊರಗೆ ಮೆಟ್ಟಿಲ ಮೇಲೆ ಹೋಗಿ ಕೂತೆ. ಆ ಸಂಜೆಯೇ ಅಪ್ಪ ಮೂಗಿನ ನಳಿಗೆಯನ್ನು ಕಿತ್ತು ಎಸೆದರು. ಸಿಸ್ಟರು ಬೈದುಕೊಳ್ಳುತ್ತಾ ಮತ್ತೆ ಹಾಕಿದರು, ಅದು ಒಳಗೆ ಇಳಿಯುವಾಗ ಅಪ್ಪನ ಕಾಲು ಹೊಡೆದುಕೊಂಡದ್ದನ್ನು ನೋಡಲಾಗಲಿಲ್ಲ.

ಮರುದಿನ ಬೆಳಿಗ್ಗೆ ಎಲ್ಲ ಸರಿಮಾಡಿಕೊಂಡು ಕೂತೆ. ಉಳಿಸುವ ರೂಪ ಯೂನಿಕೋಡ್, ಫಾಂಟು ಸರಿ. ಲ್ಯಾಪ್‌ಟಾಪು ಕಂಡದ್ದೇ ಅಪ್ಪನ ಕಣ್ಣು ಅರಳಿತು. ಈ ಸಲ ಬಹಳ ಹೊತ್ತು ಹೊಡೆದರು. ನಿಲ್ಲಿಸಿ ನಿಲ್ಲಿಸಿ, ಆದರೆ ಬಿಡದೆ. ನಡುನಡುವೆ ಅವರ ಎಡಗೈ ಮೇಲಕ್ಕೆದ್ದು, ಗಾಳಿಯಲ್ಲಿ ಏನನ್ನೋ ಪಕ್ಕಕ್ಕೆ ದಬ್ಬಿ, ತಡವರಿಸಿ ಕೆಳಗಿಳಿಯುತ್ತಿತ್ತು. ಅದನ್ನು ಕಂಡು ಅವ್ವನ ಮುಖ ಬಿಳುಚಿಕೊಂಡಿತು. ನನ್ನನ್ನು ಬಾಗಿಲ ಹತ್ತಿರ ಎಳೆದುಕೊಂಡು ಹೋಗಿ ಪಿಸುಗುಟ್ಟಿದಳು: "ನಮ್ಮ ಅತ್ತಿ ಹೋಗೂ ಮುಂದ ಹಿಂಗೇ ಗಾಳ್ಯಾಗ ಕೈ ಆಡಸ್ತಿದ್ಳು. ಯಾರೋ ಕರಿಲಿಕ್ಕಿ ಬಂದಾರಂತ, ಅವ್ರಿಗಿ ದಬ್ಬತಾರಂತ." ನಾನು ಬಾಯಿ ಮುಚ್ಚು ಎಂದು ರೇಗಿದೆ.

ಆಮೇಲೆ ಪರದೆ ನೋಡಿದೆ. ಕನ್ನಡ ಅಕ್ಷರಗಳೇ, ಆದರೆ ಒಂದು ಪದವಿಲ್ಲ. ಮೈಯಿಲ್ಲದ ಕೊಂಬು, ಆಸರೆಯಿಲ್ಲದ ಗುಡಿಸು, ಒತ್ತಿನ ಕೆಳಗೆ ಒತ್ತು. ಮೈಯಿಲ್ಲದ ಪ್ರತಿಯೊಂದು ಚಿಹ್ನೆಯ ಪಕ್ಕದಲ್ಲೂ ಚುಕ್ಕಿಚುಕ್ಕಿಯ ಒಂದು ಬಳೆ. ಅಕ್ಷರ ಬರಬೇಕಾದ ಜಾಗದಲ್ಲಿ ಅಕ್ಷರ ಇಲ್ಲದಿದ್ದರೆ ಯಂತ್ರ ಆ ಬಳೆಯನ್ನು ತಾನೇ ತೋರಿಸುತ್ತದೆ. ಪುಟದ ಉದ್ದಕ್ಕೂ ಖಾಲಿ ಬಳೆಗಳು. ನಮ್ಮ ಶಾಲೆಯಲ್ಲಿ ಒಂದನೇ ಕ್ಲಾಸಿನ ಮಕ್ಕಳು ಕೀಬೋರ್ಡನ್ನು ಅಂಗೈಯಿಂದ ಬಡಿದಾಗಲೂ ಹೀಗೆ ಬರುವುದನ್ನು ನೋಡಿದ್ದೆ.

ಯಂತ್ರದ್ದೇ ತಪ್ಪಿರಲಿ ಎಂದು ಬೇಡಿಕೊಂಡೆ. ಇನ್ನೊಂದು ಪುಟ ತೆರೆದು, ಬೆರಳು ಎಣಿಸಿದಂತೆ ಒಂದೊಂದೇ ಕೀ ಹುಡುಕಿ, "ಅಪ್ಪಾ ಹ್ಯಾಂಗಿದ್ದಿ" ಎಂದು ಹೊಡೆದೆ. ಒಂದು ಚುಕ್ಕಿಯೂ ತಪ್ಪದೆ ಬಂತು. ಉಳಿಸಿದೆ, ಮುಚ್ಚಿದೆ, ತೆರೆದೆ. ಹಾಗೇ ಇತ್ತು. ಮೂರು ಸಲ ಮಾಡಿದೆ. ಮೂರೂ ಸಲ ಸರಿ ಬಂತು, ಮೂರೂ ಸಲ ನನ್ನ ಭಯ ಹೆಚ್ಚಾಯಿತು. ಫಾಂಟು ಸರಿ, ಕೀಬೋರ್ಡು ಸರಿ, ಉಳಿಸುವ ರೂಪ ಸರಿ. ಒಂದೊಂದನ್ನೇ ತೆಗೆದುಹಾಕುತ್ತಾ ಹೋದರೆ ಕೊನೆಗೆ ಕೆಟ್ಟದ್ದಾಗಿ ಉಳಿದದ್ದು ಅಪ್ಪನ ತಲೆ ಮಾತ್ರ. ನಲವತ್ತು ವರ್ಷ ಟೈಪಿಂಗ್ ಕಲಿಸಿದವರು ತಮ್ಮ ಹೆಸರಿನ ಮೊದಲ ಅಕ್ಷರವನ್ನೂ ಹೊಡೆಯಲಾಗದ ಹಾಗೆ ಆಗಿದ್ದರು.

ರೌಂಡಿಗೆ ಬಂದ ಡಾಕ್ಟರಿಗೆ ಪುಟ ತೋರಿಸಿದೆ. ಅವರು ನಮ್ಮ ಕಡೆಯ ವಯಸ್ಸಾದ ಮನುಷ್ಯ, ಮೆತ್ತಗೆ ಮಾತಾಡುವವರು. ಪರದೆಯನ್ನು ನೋಡಿ, ಅಪ್ಪನನ್ನು ನೋಡಿ, ನಾಲ್ಕು ಬೆರಳು ಎತ್ತಿ "ಎಷ್ಟದಾವ್ರಿ ಸರ್?" ಎಂದು ಕೇಳಿದರು. ಅಪ್ಪ ಕಣ್ಣು ಮುಚ್ಚಿ ಗೋಡೆಯ ಕಡೆ ತಿರುಗಿದರು. ಮಧ್ಯಾಹ್ನ ಅವ್ವ ಗಂಜಿ ಬಿಟ್ಟು ಇನ್ನೂ ಸಿರಿಂಜು ತೊಳೆದಿರಲಿಲ್ಲ, ಅಪ್ಪ ನಳಿಗೆಯನ್ನು ಮತ್ತೆ ಕಿತ್ತರು. ಮೂಗಿನಿಂದ ರಕ್ತ ಬಂತು. ಇಬ್ಬರು ಸಿಸ್ಟರು, ಒಬ್ಬ ವಾರ್ಡಿನವನು ಸೇರಿ ಹಿಡಿದು ನಿದ್ದೆಯ ಇಂಜೆಕ್ಷನ್ ಕೊಟ್ಟು, ಬ್ಯಾಂಡೇಜ್ ಬಟ್ಟೆಯಿಂದ ಕೈಗಳನ್ನು ಮಂಚದ ಸರಳಿಗೆ ಕಟ್ಟಿದರು. ನಿದ್ದೆ ಬರುವ ತನಕ ಅಪ್ಪ ನನ್ನನ್ನೇ ನೋಡುತ್ತಿದ್ದರು. ಆ ನೋಟವನ್ನು ತಾಳಲಾರದೆ ನಾನು ನೆಲ ನೋಡುತ್ತಾ ನಿಂತೆ.

ಡಾಕ್ಟರು ನನ್ನನ್ನು ಕರೆದು ಒಂದು ಫಾರಂ ಕೊಟ್ಟರು. "ನೋಡ್ರಿ ಮೇಡಂ, ತಿಳುವಳಿಕಿ ಇಲ್ಲದ ಪೇಷಂಟಿಗಿ ಮೂಗಿನ ನಳಿಗಿ ಆಗಲ್ಲ. ಹೊಟ್ಟಿಗೇ ತೂತು ಮಾಡಿ ನಳಿಗಿ ಹಾಕ್ಬೇಕು. ಕಲಬುರಗಿಗಿ ಕಳಸ್ತೀನಿ, ಅಲ್ಲೇ ತಲಿ ಸ್ಕ್ಯಾನೂ ಆಗ್ತದ. ಮತ್ತೊಮ್ಮಿ ಮತ್ತಿನ ಔಷಧ ಕೊಡಬೇಕಾಗ್ತದ, ಅವ್ರ ಎದಿ ಅಷ್ಟು ಗಟ್ಟಿ ಇಲ್ಲ. ಸುಳ್ಳ್ಯಾಕ ಹೇಳ್ಲಿ, ರಿಸ್ಕ್ ಅದ. ಸಂಜಿ ತನಕ ವಿಚಾರ ಮಾಡಿ ಸಹಿ ಮಾಡ್ರಿ." ಸಹಿ ಹಾಕಿದರೆ ಅಪ್ಪ ಟೇಬಲ್ಲಿನ ಮೇಲೆಯೇ ಹೋಗಬಹುದು. ಹಾಕದಿದ್ದರೆ ಹೊಟ್ಟೆಗಿಲ್ಲದೆ ಹೋಗುತ್ತಾರೆ. ಅವ್ವನಿಗೆ ಓದುಬರಹ ಬಾರದು, ಅವಳು ಫಾರಮ್ಮನ್ನು ಹಿಡಿದು ನೋಡಿ, ನನಗೇ ವಾಪಸ್ಸು ಕೊಟ್ಟು, "ನೀನೇ ಮಾಡವ್ವ," ಎಂದಳು. ಪೆನ್ನು ತೆಗೆದೆ. ಫಾರಮ್ಮಿನಲ್ಲಿ ಸಹಿಯ ಗೆರೆ ಎಲ್ಲಿದೆ ಎಂದು ಹುಡುಕಿದೆ.

ಕಣ್ಣು ಮಂಜಾಗಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಳ್ಳುತ್ತಾ ತಲೆ ಎತ್ತಿದೆ. ಎದುರಿನ ಸ್ಟೂಲಿನ ಮೇಲೆ ಲ್ಯಾಪ್‌ಟಾಪು ತೆರೆದೇ ಇತ್ತು. ಕನ್ನಡಕವಿಲ್ಲದೆ ನನಗೆ ಅಕ್ಷರ ಕಾಣುವುದಿಲ್ಲ. ಪುಟ ಮಾತ್ರ ಕಂಡಿತು. ಎಡಗಡೆ ಮೇಲೆ ಮೂರು ಗಿಡ್ಡ ಸಾಲು. ಒಂದು ಖಾಲಿ ಸಾಲು. ನಡುವಿಗೆ ಸರಿಯಾಗಿ ಒಂದು ಸಾಲು. ಮತ್ತೆ ಖಾಲಿ. ಎಡಗಡೆ ಒಂಟಿ ಪದ. ಅದರ ಕೆಳಗೆ ಸ್ವಲ್ಪ ಒಳಗಿನಿಂದ ಶುರುವಾಗಿ ಉದ್ದಕ್ಕೆ ಬೆಳೆದ ಪ್ಯಾರಾ. ಇನ್ನೊಂದು ಪ್ಯಾರಾ, ಅದೂ ಅಷ್ಟೇ ಒಳಗಿನಿಂದ. ಕೊನೆಗೆ ಬಲಗಡೆ ಕೆಳಗೆ ಒಂದು ಸಣ್ಣ ಸಾಲು.

ಅದು ಅರ್ಜಿ. ಅಪ್ಪನ ಮಾಳಿಗೆಯಲ್ಲಿ ಪರೀಕ್ಷೆಗೆ ಮುಂಚೆ ಎಲ್ಲರೂ ನೂರು ಸಲ ಹೊಡೆಯುತ್ತಿದ್ದ ಅರ್ಜಿಯ ಆಕಾರ. ಇವರಿಗೆ, ವಿಷಯ, ಮಾನ್ಯರೆ, ಪ್ಯಾರಾ, ತಮ್ಮ ವಿಶ್ವಾಸಿ. ಟೈಪಿಂಗ್ ಕಲಿಯದಿದ್ದರೂ ಆ ಕಾಗದಗಳ ಹಿಂದುಗಡೆ ಲೆಕ್ಕ ಮಾಡುತ್ತಾ ಬೆಳೆದವಳು ನಾನು. ಕನ್ನಡಕ ಹಾಕಿಕೊಂಡು ಓಡಿಹೋಗಿ ಪ್ಯಾರಾದ ಮುಂದೆ ಬಿಟ್ಟ ಜಾಗವನ್ನು ಎಣಿಸಿದೆ. ಐದು. ಎರಡನೇ ಪ್ಯಾರಾದ ಮುಂದೆಯೂ ಐದು. ತಲೆ ಕೆಟ್ಟವರು ಯಾರಾದರೂ ಎರಡು ಸಲ ಐದೈದು ಜಾಗ ಎಣಿಸಿ ಬಿಡುತ್ತಾರೆಯೇ? ಅಕ್ಷರಗಳೆಲ್ಲ ಹುಚ್ಚಾಟ ಆಡುತ್ತಿದ್ದರೂ ಖಾಲಿ ಜಾಗಗಳು ಮಾತ್ರ ಒಂದೂ ತಪ್ಪಿರಲಿಲ್ಲ. ಯಾಕೆಂದರೆ ಖಾಲಿ ಜಾಗದ ಉದ್ದ ಪಟ್ಟಿ ಟೈಪ್‌ರೈಟರಿನಲ್ಲೂ ಅಲ್ಲೇ ಇರುತ್ತದೆ, ಲ್ಯಾಪ್‌ಟಾಪಿನಲ್ಲೂ ಅಲ್ಲೇ ಇರುತ್ತದೆ.

ಆಗ ತಲೆಗೆ ಹೊಳೆಯಿತು. ಟೈಪ್‌ರೈಟರಿನಲ್ಲಿ ಅಕ್ಷರ ಎಲ್ಲಿದೆಯೋ ಅಲ್ಲೇ ಅಪ್ಪನ ಬೆರಳು ಹೋಗಿದೆ. ನಾನು ಹಾಕಿಕೊಟ್ಟ ಕನ್ನಡ ಕೀಬೋರ್ಡಿನಲ್ಲಿ ಆ ಜಾಗದಲ್ಲಿ ಬೇರೆ ಅಕ್ಷರ ಕೂತಿದೆ. ಇವರು ಒಂದು ಹೊಡೆದರೆ ಅದು ಇನ್ನೊಂದು ಮೂಡಿಸಿದೆ. ಅಪ್ಪನಾದರೂ ನೋಡಬಾರದಿತ್ತೇ? ನೋಡುವುದಿಲ್ಲ. ಮೂಗಿನ ಮೇಲೆಲ್ಲ ನಳಿಗೆಯ ಪ್ಲಾಸ್ಟರು, ಕನ್ನಡಕ ಕೂರುವುದಿಲ್ಲ. ಕೂತರೂ ನೋಡುತ್ತಿರಲಿಲ್ಲ. ಮೂಡುತ್ತಿರುವುದನ್ನು ನೋಡುವವರಿಗೆ ಜೀವಮಾನವೆಲ್ಲ ಸ್ಕೇಲಿನಿಂದ ಹೊಡೆದವರು ಅವರು.

ಆದರೂ ನಂಬಿಕೆ ಪೂರಾ ಬರಲಿಲ್ಲ. ಆಕಾರ ಕೈಗೆ ರೂಢಿಯಿಂದ ಬಂದಿರಬಹುದು, ಒಳಗೆ ಬರೀ ಹುಚ್ಚು ಅಕ್ಷರಗಳೇ ಇರಬಹುದು. ಅದನ್ನು ತಿಳಿಯಬೇಕಾದರೆ ಆ ಕೀಗಳನ್ನು ಬಲ್ಲವರು ಬೇಕು. ಚಿತ್ತಾಪುರದಲ್ಲಿ ಅಪ್ಪನ ಹಳೆಯ ಶಿಷ್ಯೆ ಒಬ್ಬರಿದ್ದಾರೆ, ಚಿಂಚೋಳಿಯ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದು ರಿಟೈರ್ ಆದವರು. ಅಪ್ಪನ ಆಪರೇಷನ್ ಆದಾಗಿನಿಂದ ದಿನಾ ಫೋನ್ ಮಾಡಿ ಕೇಳುತ್ತಿದ್ದರು. ಅವರಿಗೆ ಫೋನ್ ಹಚ್ಚಿದೆ. ಏನು ಹೇಳಿದೆನೋ, ಅರ್ಧ ಅಳು ಅರ್ಧ ಮಾತು. ಅವರು ಒಂದೇ ಮಾತು ಹೇಳಿದರು: "ಸಹಿ ಮಾಡಬ್ಯಾಡ್ರಿ, ಬರ್ಲಿಕತ್ತೀನಿ." ವಾಡಿಯ ತನಕ ಟಂಟಂ ಆಟೋ, ಅಲ್ಲಿಂದ ಬಸ್ಸು ಹಿಡಿದು ಮೂರು ಹೊಡೆಯುವ ಮೊದಲೇ ಬಂದರು. ಅಷ್ಟರಲ್ಲಿ ನಾನು ಆ ಫೈಲಿಗೆ ನಾಲ್ಕು ನಕಲು ಮಾಡಿ, ಪರದೆಯ ಫೋಟೋ ಹೊಡೆದು, ಲ್ಯಾಪ್‌ಟಾಪಿನ ಹತ್ತಿರ ಅವ್ವ ಹಾದರೂ ಕಿರುಚುತ್ತಿದ್ದೆ.

ಅಪ್ಪನ ಕಟ್ಟಿದ ಕೈಗಳನ್ನು ಕಂಡು ಅವರು ಬಾಗಿಲಲ್ಲೇ ನಿಂತುಬಿಟ್ಟರು. ಅಪ್ಪ ಇಂಜೆಕ್ಷನ್ನಿನ ನಿದ್ದೆಯಲ್ಲಿದ್ದರು. "ಸರ್ ಅವ್ರ ಕೈ ಕಟ್ಟೀರೇನ್ರಿ?" ಎಂದವರು ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತರು. ಹಲಗೆಯ ಮೇಲೆ ಎರಡೂ ಕೈ ಇಟ್ಟು ಕಣ್ಣು ಮುಚ್ಚಿದರು. ನಾನು ಲ್ಯಾಪ್‌ಟಾಪಿನಲ್ಲಿ ಕೀಬೋರ್ಡಿನ ಚಿತ್ರ ತೆರೆದಿಟ್ಟುಕೊಂಡೆ. ಪುಟದಲ್ಲಿರುವ ಅಕ್ಷರ ಯಾವ ಕೀಯಲ್ಲಿದೆ ಎಂದು ಹುಡುಕಿ, "ಎಡಗೈ ಉಂಗುರ ಬೆರಳು, ಮ್ಯಾಲಿನ ಸಾಲು" ಎಂದರೆ, ಅವರು ಆ ಬೆರಳನ್ನು ಅಲ್ಲಿಗೆ ಕಳಿಸಿ, ಟೈಪ್‌ರೈಟರಿನಲ್ಲಿ ಅಲ್ಲಿದ್ದ ತುಂಡನ್ನು ಹೇಳುತ್ತಿದ್ದರು. ಅಕ್ಷರದ ಮೈ ಒಂದು ಕೀ, ತಲೆಕಟ್ಟು ಇನ್ನೊಂದು, ಕೊಂಬು ಮತ್ತೊಂದು. ಎರಡು ಮೂರು ಚಿಹ್ನೆ ಹೆಣೆದುಕೊಂಡು ಒಂದಾಗಿದ್ದ ಕಡೆ ನಾನು ನಕಲಿನಲ್ಲಿ ಹಿಂದಿನಿಂದ ಒಂದೊಂದೇ ಅಳಿಸಿ, ಒಳಗೆ ಏನೇನಿದೆ ಎಂದು ನೋಡಿ ಹೇಳುತ್ತಿದ್ದೆ. ಪ್ರತಿ ಸಲ ಅಳಿಸುವಾಗಲೂ ನಿನ್ನೆಯ ಕೊಕ್ಕೆಗಳು ನೆನಪಾಗುತ್ತಿದ್ದವು.

ಮೊದಲ ಸಾಲು ಮುಗಿಯಲು ಕಾಲು ಗಂಟೆ ಹಿಡಿಯಿತು. "ಇ... ವ... ರಿ... ಗೆ," ಎಂದು ಅವರು ಜೋಡಿಸಿದರು. ಸಾಲು ಮುಗಿದದ್ದೇ ಅವರ ಎಡಗೈ ತಾನಾಗಿ ಮೇಲೆದ್ದು, ಗಾಳಿಯಲ್ಲಿ ಏನನ್ನೋ ಪಕ್ಕಕ್ಕೆ ದಬ್ಬಿ ಕೆಳಗಿಳಿಯಿತು. ಟೈಪ್‌ರೈಟರಿನಲ್ಲಿ ಸಾಲು ಮುಗಿದರೆ ದಬ್ಬುವ ಸರಳು ಅಲ್ಲೇ ಇರುವುದು. ಅಪ್ಪನ ತಲೆಯ ಹತ್ತಿರ ಕೂತು ನೊಣ ಓಡಿಸುತ್ತಿದ್ದ ಅವ್ವ ಅದನ್ನು ನೋಡಿದಳು. ಬೀಸಣಿಕೆ ಕೈಯಿಂದ ಜಾರಿತು. "ಹಂಗಂದ್ರ ಅವ್ರಿಗಿ ಯಾರೂ ಕರಿಲಿಕ್ಕಿ ಬಂದಿಲ್ಲ," ಎಂದು ಗಟ್ಟಿಯಾಗಿ ಹೇಳಿ ಅಳತೊಡಗಿದಳು. ನಾನೂ ಅತ್ತೆ. ಶಿಷ್ಯೆ ಕಣ್ಣು ತೆರೆಯದೆಯೇ, "ಮುಂದಿಂದು ಹೇಳ್ರಿ, ಟೈಮಿಲ್ಲ," ಎಂದರು. ಸ್ವರದಲ್ಲಿ ಥೇಟ್ ಅಪ್ಪನೇ.

ಮಾನ್ಯ ವೈದ್ಯಾಧಿಕಾರಿಗಳು, ಶಹಾಬಾದ. ಅಲ್ಲಿಂದ ವಿಷಯಕ್ಕೆ ಬರುವ ಹೊತ್ತಿಗೆ ಯಾವ ಕೀಗೆ ಯಾವ ತುಂಡು ಎಂಬುದು ಬಾಯಿಪಾಠವಾಗಿ ಕೆಲಸ ಬೇಗ ಸಾಗತೊಡಗಿತು. ಕೆಲವು ಕೀಗಳಿಗೆ ಲ್ಯಾಪ್‌ಟಾಪಿನಲ್ಲಿ ಏನೂ ಇಲ್ಲ, ಆ ಜಾಗ ಊಹೆ ಮಾಡಿ ತುಂಬಬೇಕು. ಶಿಷ್ಯೆ ತುಂಡುಗಳನ್ನು ಗಟ್ಟಿಯಾಗಿ ಹೇಳುತ್ತಾ, ಪದವಾದಾಗ ಪದವನ್ನು ಗಟ್ಟಿಯಾಗಿ ಓದುತ್ತಾ ಹೋದರು. ಪದ ಏನೆಂದು ಗೊತ್ತಾಗುವ ಹೊತ್ತಿಗೆ ಅದು ಬಾಯಿಂದ ಹೊರಗೆ ಬಂದಿರುತ್ತಿತ್ತು. "ವಿಷಯ: ಗಂಜಿ ಆರಿಸಿ ಹಾಕುವ ಕುರಿತು."

ಅವ್ವ ಅಳು ನಿಲ್ಲಿಸಿದಳು.

ನಾವು ನಿಲ್ಲಿಸಬೇಕಿತ್ತು. ನಿಲ್ಲಿಸುವುದು ಹೇಗೆ, ಗೋಡೆಯ ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು, ಫಾರಂ ನನ್ನ ಮಡಿಲಲ್ಲೇ ಇತ್ತು. "ಮಾನ್ಯರೆ, ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸುವುದೇನೆಂದರೆ, ಮೂಗಿನ ನಳಿಗೆಯಲ್ಲಿ ಬಿಡುವ ಗಂಜಿಯು ಬಹಳ ಬಿಸಿ ಇರುತ್ತದೆ. ನಳಿಗೆ ಕಾದು ಗಾಯಕ್ಕೆ ತಾಗಿ ಗಂಟಲಿನಿಂದ ಎದೆಯ ತನಕ ಸುಡುತ್ತದೆ. ತಾಳಲಾರದೆ ನಿನ್ನೆ ನಳಿಗೆಯನ್ನು ಕಿತ್ತಿರುತ್ತೇನೆ. ತಪ್ಪಾಯಿತು. ನನ್ನ ತಲೆ ಕೆಟ್ಟಿರುವುದಿಲ್ಲ. ತಾವೆಲ್ಲ ಆಡುವ ಮಾತು ನನಗೆ ಕೇಳಿಸುತ್ತದೆ, ಮಕ್ಕಳಿಗೆ ಕೇಳುವಂಥ ಪ್ರಶ್ನೆಗಳಿಗೆ ಉತ್ತರಿಸಲು ಮನಸ್ಸು ಬರುವುದಿಲ್ಲ."

ಅವ್ವ ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಅದರ ಮುಚ್ಚಳವನ್ನೇ ನೋಡುತ್ತಿದ್ದಳು. ಅಪ್ಪ ಊಟಕ್ಕೆ ಕೂತರೆ ಸಾರು, ಅನ್ನ, ಚಹಾ ಎಲ್ಲ ಒಲೆಯಿಂದ ನೇರ ತಟ್ಟೆಗೆ ಬರಬೇಕು. ಸ್ವಲ್ಪ ಆರಿದ್ದರೆ ತಟ್ಟೆ ಸರಿಸಿ ಏಳುವ ಗಂಡಸು. ಮದುವೆಯಾದಾಗಿನಿಂದ ಅವ್ವ ಹಾಗೆಯೇ ಬಡಿಸಿದ್ದಳು. ನಳಿಗೆ ಹಾಕಿದ ಮೇಲೂ ಓಣಿ ದಾಟುವಾಗ ಆರೀತು ಎಂದು ಫ್ಲಾಸ್ಕನ್ನು ಟವೆಲಿನಲ್ಲಿ ಸುತ್ತಿ ತರುತ್ತಿದ್ದಳು. ಸಿಸ್ಟರು ಗಂಜಿ ತೆಳುವಿರಬೇಕು ಎಂದು ಹೇಳಿದ್ದರು, ಆರಿರಬೇಕು ಎಂದು ಯಾರೂ ಹೇಳಿರಲಿಲ್ಲ. ನಾನು ದಿನಾ ಪಕ್ಕದಲ್ಲೇ ನಿಂತು ಹೊಗೆಯಾಡುವ ಸಿರಿಂಜನ್ನು ನೋಡಿದ್ದೆ.

ಎರಡನೇ ಪ್ಯಾರಾ ಸಣ್ಣದು. ಶಿಷ್ಯೆಯ ದನಿ ಈಗ ಬಹಳ ಇಳಿದಿತ್ತು, ಆದರೂ ಆ ಸಣ್ಣ ಕೋಣೆಯಲ್ಲಿ ಎಲ್ಲ ಕೇಳುತ್ತಿತ್ತು. "ಜೀವನವಿಡೀ ಬಿಸಿ ಬೇಕೆಂದು ಹಟ ಮಾಡಿದವನು ನಾನು. ಆಕೆಯದು ತಪ್ಪಿಲ್ಲ. ಆದ್ದರಿಂದ ತಾವು ತಮ್ಮ ಕಡೆಯ ಆದೇಶ ಎಂಬಂತೆ ಆರಿಸಿ ಹಾಕಲು ತಿಳಿಸಬೇಕು. ನಾನು ಹೇಳಿದೆನೆಂದು ನನ್ನ ಹೆಂಡತಿಗೆ ಯಾವ ಕಾರಣಕ್ಕೂ ತಿಳಿಸಬಾರದಾಗಿ ವಿನಂತಿ. ತಮ್ಮ ವಿಶ್ವಾಸಿ." ಕೆಳಗೆ ಸಹಿಗೆಂದು ಎರಡು ಸಾಲು ಜಾಗ ಬಿಟ್ಟಿದ್ದರು.

ನನಗೆ ಅವ್ವನ ಮುಖ ನೋಡಲು ಧೈರ್ಯವಾಗಲಿಲ್ಲ. ಅವಳು ಎದ್ದು ಫ್ಲಾಸ್ಕನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಮುಚ್ಚಳ ತೆಗೆದು, ಗಾಳಿಗೆ ಬಿಟ್ಟಳು. ಆಮೇಲೆ ನಮ್ಮಿಬ್ಬರ ಕಡೆ ತಿರುಗಿ ಹೇಳಿದಳು: "ನಾ ಕೇಳಿನಂತ ಅವ್ರಿಗಿ ಹೇಳಬ್ಯಾಡ್ರಿ. ಇಬ್ರೂ ನನ್ನ ಮ್ಯಾಲ ಆಣಿ ಮಾಡ್ರಿ." ಮಾಡಿದೆವು.

ಐದೂವರೆಗೆ ಡಾಕ್ಟರು ಬಂದರು. ನಾನು ಫಾರಮ್ಮಿನ ಬದಲು ಅರ್ಜಿಯನ್ನು ಕೊಟ್ಟೆ, ಶಿಷ್ಯೆ ನೋಟ್‌ಬುಕ್ಕಿನ ಹಾಳೆಯ ಮೇಲೆ ದುಂಡಗೆ ಬರೆದದ್ದನ್ನು. ಅವರು ನಿಂತೇ ಓದಿದರು. ಇನ್ನೊಮ್ಮೆ ಓದಿದರು. ಕಿಟಕಿಯ ಹತ್ತಿರ ಹೋಗಿ ಫ್ಲಾಸ್ಕನ್ನು ಮುಟ್ಟಿ ನೋಡಿದರು. ಸಿಸ್ಟರಿಗೆ ಏನೋ ಹೇಳಲು ಹೋದವರು ನಿಲ್ಲಿಸಿ, "ನಾನೂ ಕೇಳಬೇಕಾಗಿತ್ತು ಬಿಡ್ರಿ," ಎಂದರು. ನಂತರ ತಾವೇ ಬಾಗಿ ಬ್ಯಾಂಡೇಜಿನ ಗಂಟುಗಳನ್ನು ಬಿಚ್ಚಿದರು. ಅಪ್ಪನಿಗೆ ಆಗಲೇ ಎಚ್ಚರವಾಗುತ್ತಿತ್ತು. ಬಿಡಿಸಿದ ಕೈಯ ಮಣಿಕಟ್ಟು ಕೆಂಪಗೆ ಬಾತಿತ್ತು. ಡಾಕ್ಟರು ಅಪ್ಪನ ಕಿವಿಯ ಹತ್ತಿರ, "ಸರ್, ನಿಮ್ಮ ಅರ್ಜಿ ಮಂಜೂರಾಗ್ಯಾದ," ಎಂದರು. ಫಾರಮ್ಮನ್ನು ನನ್ನ ಕೈಯಿಂದ ತೆಗೆದುಕೊಂಡು ಹರಿದರು.

ಹೊಸ ನಳಿಗೆ ಇಳಿಸುವಾಗ ಅಪ್ಪ ಅಲುಗಾಡಲಿಲ್ಲ. ಗಂಜಿಯ ಹೊತ್ತಾಯಿತು. ಅವ್ವ ಸಿರಿಂಜಿನಿಂದ ಒಂದು ಹನಿಯನ್ನು ತನ್ನ ಮೊಣಕೈಯ ಒಳಗಡೆ ಬಿಟ್ಟುಕೊಂಡು ನೋಡಿದಳು. "ಆರಿಸಿ ಹಾಕು ಅಂತ ಡಾಕ್ಟರ್ ಆರ್ಡರ್ ಮಾಡ್ಯಾರ. ನನಗ್ಯಾನ್ ಗೊತ್ತು, ಅವ್ರು ಹೇಳದಂಗ ಮಾಡ್ತೀನಿ. ಆಮ್ಯಾಲ ನನಗ ಬೈಬ್ಯಾಡ್ರಿ ಮತ್ತ, ಗಂಜಿ ತಣ್ಣಗದಂತ," ಎಂದಳು. ಎಂದಿನ ಜಗಳದ ದನಿಯೇ, ಒಂದು ಕೂದಲಿನಷ್ಟೂ ವ್ಯತ್ಯಾಸವಿಲ್ಲ.

ಅಪ್ಪನ ಕಣ್ಣುಗಳು ಅವಳಿಂದ ನನ್ನ ಕಡೆಗೆ ಸರಿದವು. ಹುಬ್ಬು ಸ್ವಲ್ಪ ಮೇಲೆ ಹೋಯಿತು. ಹೇಳಿದೆಯಾ ಎಂದು ಕೇಳುತ್ತಿದ್ದರು. ಇಲ್ಲ ಎಂದು ತಲೆಯಾಡಿಸಿದೆ. ಅಪ್ಪ ನೆಮ್ಮದಿಯಿಂದ ಕಣ್ಣು ಮುಚ್ಚಿದರು. ಅವರ ಕಣ್ಣು ಮುಚ್ಚಿದ್ದನ್ನು ಖಾತ್ರಿ ಮಾಡಿಕೊಂಡು, ಸಿರಿಂಜು ಹಿಡಿದ ಕೈಯನ್ನು ಅಲುಗಿಸದೆ, ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು.